ಕುಲಾವಿಯ ಕರಾರು

ನನ್ನ ಮೊಮ್ಮಗಳಿಗೆ ಕ್ರೋಶಾ ಕಲಿಸಿದ್ದು ವಿದ್ಯಾದಾನದ ಪುಣ್ಯಕ್ಕಲ್ಲ, ಅವಳನ್ನು ಒಂದು ಕಡೆ ಕೂರಿಸುವುದಕ್ಕೆ. ಮಗಳು ಎರಡನೇ ಬಾಣಂತನಕ್ಕೆಂದು ಹಾರನಹಳ್ಳಿ ಪಕ್ಕದ ನಮ್ಮ ಮನೆಗೆ ಬಂದಿದ್ದಳು. ದೊಡ್ಡವಳು, ಎರಡನೇ ಕ್ಲಾಸಿನವಳು, ಸ್ಕೂಲು ತಪ್ಪಬಾರದೆಂದು ಸರಗೂರಿನಲ್ಲಿ ಅಪ್ಪನ ಮನೆಯಲ್ಲೇ ಉಳಿದಿದ್ದಳು. ದಸರಾ ರಜ ಶುರುವಾದ ಕೂಡಲೇ ಅಳಿಯಂದಿರು ಅವಳನ್ನು ಬೈಕಿನಲ್ಲಿ ತಂದು ಇಳಿಸಿ ಹೋದರು. ಕಾಲೂ ತೊಳೆಯದೆ ಬಾಣಂತಿ ಕೋಣೆಗೆ ನುಗ್ಗಿದವಳು, ತಿಂಗಳ ಕೂಸಿನ ಬಾಯಿಗೆ ಕಡ್ಲೆಪುರಿ ಇಡಲು ಹೋದಳು.

"ಅವ್ನೇ ಬಾಯ್ ತೆಗ್ದ ಕಣಜ್ಜಿ," ಎಂದಳು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ರಟ್ಟೆ ಹಿಡಿದು ಹೊರಗೆ ಎಳೆದುತಂದು, ಇನ್ನು ಮಗುವನ್ನು ಮುಟ್ಟಕೂಡದು ಎಂದುಬಿಟ್ಟೆ. ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. "ಈಗ ಎತ್ಕೊಳ್ಲಾ?" ಎಂದು ಕೇಳುವುದನ್ನು ಶುರುಮಾಡಿದಳು. ನಾನು ರಾಗಿ ಮುದ್ದೆ ತೊಳಸುವಾಗ ಕೇಳಿದಳು, ಫೋನಿನಲ್ಲಿ ಮಾತಾಡುವಾಗ ಕೇಳಿದಳು, ಬಚ್ಚಲ ಬಾಗಿಲಿನ ಆಚೆ ನಿಂತೂ ಕೇಳಿದಳು.

ತಲೆ ಚಿಟ್ಟು ಹಿಡಿದು ಒಂದು ಉಪಾಯ ಹೂಡಿದೆ. ನಾನು ಸೀರೆಗೆ ಕುಚ್ಚು ಹಾಕುವವಳು. ಕ್ರೋಶಾ ಕಡ್ಡಿ, ದಾರದುಂಡೆ ಮನೆಯಲ್ಲಿ ಯಾವಾಗಲೂ ಬಿದ್ದಿರುತ್ತವೆ. ಬಿಳಿ ಉಲ್ಲನ್ನಿನ ಉಂಡೆಯೊಂದನ್ನು ಅವಳ ಮಡಿಲಿಗೆ ಹಾಕಿ, "ತೊಟ್ಲು ಶಾಸ್ತ್ರಕ್ಕೆ ನಿನ್ ತಮ್ಮಂಗೆ ಕುಲಾವಿ ಬೇಕು. ನೀನೇ ಎಣುದ್ರೆ ಎತ್ಕೊಳಕ್ಕೆ ಕೊಡ್ತೀನಿ," ಎಂದೆ.

"ಪೂರ್ತಿ ನಾನೇಯಾ?"

"ಪೂರ್ತಿ ನೀನೇಯ. ನಾನೊಂದು ಎಳೆ ಮುಟ್ಟುದ್ರೂ ಲೆಕ್ಕಕ್ಕಿಲ್ಲ."

ಏಳು ವರ್ಷದ ಹುಡುಗಿ ದಸರಾ ರಜದಲ್ಲಿ ಕುಲಾವಿ ಹೆಣೆದು ಮುಗಿಸುವುದುಂಟೇ ಎಂಬ ಧೈರ್ಯ ನನಗೆ. ತೊಟ್ಟಿಲು ಶಾಸ್ತ್ರ ಇದ್ದದ್ದು ರಜದ ಕೊನೆಯ ದಿನ. ಅವತ್ತು ಸರಗೂರಿನಿಂದ ಬೀಗಿತ್ತಿ ಬಂದು, ಊಟ ಮುಗಿಸಿಕೊಂಡು ಇವಳನ್ನು ವಾಪಸ್ಸು ಕರೆದೊಯ್ಯುವುದೆಂದು ಮಾತಾಗಿತ್ತು. ಮಗಳೂ ಕೂಸೂ ಸಂಕ್ರಾಂತಿ ಕಳೆಯುವವರೆಗೆ ನಮ್ಮಲ್ಲೇ. ಅವತ್ತು ತಮ್ಮನನ್ನು ಎತ್ತಿಕೊಳ್ಳದಿದ್ದರೆ ಆಮೇಲೆ ಸದ್ಯಕ್ಕಿಲ್ಲ ಎಂಬುದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಚೈನ್ ಹಾಕುವುದನ್ನು ಒಂದೇ ಮಧ್ಯಾಹ್ನಕ್ಕೆ ಹಿಡಿದಳು. ನಾಲಿಗೆ ಹೊರಗೆ ಚಾಚಿಕೊಂಡು ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುವುದು, ಮತ್ತೆ ಸಿಕ್ಕಿಸಿ ಎಳೆಯುವುದು. ನನಗೆ ಸ್ವಲ್ಪ ಭಯವೇ ಆಯಿತು. ಸಂಜೆ, ಎಲ್ಲಿ ತೋರಿಸು ಅಂದರೆ, ಅವಳ ಮಡಿಲಲ್ಲಿ ಶಾವಿಗೆಯಂತೆ ಸುಕ್ಕಾದ ಬರೀ ದಾರ.

"ಎಲ್ಲೇ ಎಣುದಿದ್ದು?"

"ಎಳ್ದ್ಬುಟ್ಟೆ. ಒಂದ್ ಕಡೇನೂ ಸಿಗಾಕೊಳ್ನಿಲ್ಲ ಕಣಜ್ಜಿ," ಎಂದು ಎದೆಯುಬ್ಬಿಸಿದಳು.

ಮಾರನೆಯ ದಿನವೂ ಅದೇ ಕಥೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಇವಳೇ, ದೊಣ್ಣೆಯೂ ಇವಳೇ. ಬೇಕೆಂತಲೇ ನನ್ನ ಹೊಟ್ಟೆ ಉರಿಸುತ್ತಿದ್ದಾಳೆ ಎಂದು ಗದರಿದೆ. ಅಂಗಳದ ಕಡೆ ಕಣ್ಣು ಹೋದ ಮೇಲೆಯೇ ನನಗೆ ವಿಷಯ ಹೊಳೆದದ್ದು.

ನಮ್ಮದು ಹೊಗೆಸೊಪ್ಪಿನ ಮನೆ. ಹಸಿ ಸೊಪ್ಪನ್ನು ಉದ್ದ ಕಡ್ಡಿಗೆ ದಾರದಲ್ಲಿ ಕಟ್ಟಿ, ಬೇಯಲು ಬ್ಯಾರನ್ನಿನೊಳಗೆ, ಅಂದರೆ ಬೆಂಕಿ ಹಾಕಿ ಕಾಯಿಸುವ ಗೂಡಿನೊಳಗೆ, ನೇತುಹಾಕುತ್ತೇವೆ. ಬೆಂದು ಇಳಿದ ಮೇಲೆ ದಾರದ ತುದಿ ಹಿಡಿದು ಜಗ್ಗಿದರೆ ಪರ್ರೆಂದು ಬಿಚ್ಚಿಕೊಂಡು ಕಡ್ಡಿಯ ಸೊಪ್ಪೆಲ್ಲ ಉದುರಬೇಕು. ನಡುವೆ ಗಂಟು ಬಿದ್ದಿದ್ದರೆ ಎಲೆ ಹರಿಯುತ್ತದೆ, ನಮ್ಮ ಯಜಮಾನರು ಕುಣಿದಾಡುತ್ತಾರೆ. ಸೊಪ್ಪು ಬಿಚ್ಚುವ ಹೆಂಗಸರು ಮುದ್ದಿಗೆ ಇವಳ ಕೈಗೂ ತುದಿ ಕೊಡುತ್ತಿದ್ದರು, ಸಲೀಸಾಗಿ ಬಂದರೆ ಭೇಷ್ ಅನ್ನುತ್ತಿದ್ದರು. ಎಳೆದು ನೋಡುವ ತನಕ ದಾರದ ಕೆಲಸ ಮುಗಿಯುವುದಿಲ್ಲ ಎಂದೇ ಇವಳು ತಿಳಿದಿದ್ದಳು.

"ಇದು ಸೊಪ್ಪಲ್ಲ ಕಣೇ ಮೂದೇವಿ. ಇದ್ನ ಎಳೀಬಾರ್ದು."

"ಎಳೀದೆ ಸರಿಯಾಗಿ ಅದೆ ಅಂತ ಎಂಗ್ ಗೊತ್ತಾಯ್ತದೆ?"

ಅದಕ್ಕೂ ಬೈದೆ.

ಅಂತೂ ಎಳೆಯುವ ಚಪಲ ಬಿಟ್ಟಳು. ಪೂರ್ತಿ ಬಿಟ್ಟಳು ಎನ್ನಲಾರೆ. ಸುತ್ತು ಮುಗಿದಾಗಲೆಲ್ಲ ಚೂರು ಎಳೆದು ನೋಡಿ, ಕಳ್ಳನಗೆ ನಕ್ಕು, ಮತ್ತೆ ಹೆಣೆಯುತ್ತಿದ್ದಳು. ಓರಗೆಯ ಹುಡುಗಿಯರು ಕುಂಟೆಬಿಲ್ಲೆಗೆ ಕರೆದರೂ ಏಳಲಿಲ್ಲ. ಶಾಸ್ತ್ರದ ದಿನ ಬೆಳಗಾದಾಗ ಆಗಿದ್ದದ್ದು ಅಂಗೈಯಗಲದ ಒಂದು ಬಿಲ್ಲೆ; ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊಟ್ಟಗಾಗಿ, ಒಡೆದ ನಿಪ್ಪಟ್ಟಿನ ಹಾಗಿತ್ತು. ನನ್ನ ಉಪಾಯ ಗೆದ್ದಿತ್ತು. ಆದರೂ ಎಣ್ಣೆ ಸ್ನಾನಕ್ಕೆ ಕರೆದಾಗ ಅವಳು ಅದನ್ನು ದಿಂಬಿನ ಮೇಲೆ ಹುಷಾರಾಗಿ ಇಟ್ಟು ಹೋದದ್ದು ಕಂಡು ಕರುಳು ಚುರ್ ಎಂದಿತು.

ಬರೀ ಕರುಳು ಎಂದರೆ ಸುಳ್ಳಾಗುತ್ತದೆ. ಕುಚ್ಚು ಹಾಕುವವಳ ಮನೆಯಲ್ಲಿ ಕೂಸಿನ ತಲೆಗೆ ಆ ನಿಪ್ಪಟ್ಟು ನೋಡಿದರೆ ಬೀಗಿತ್ತಿ ಏನಂದಾರು ಎಂಬುದೂ ಇತ್ತು. ಅವಳು ಬಚ್ಚಲಿನಲ್ಲಿ ಸೀಗೆಪುಡಿಗೆ ಕಿರುಚಾಡುತ್ತಿದ್ದಷ್ಟು ಹೊತ್ತಿನಲ್ಲಿ ಆ ಬಿಲ್ಲೆಯ ಸುತ್ತಲೂ ನಾನು ಸರಸರ ಹೆಣೆದು ಕುಲಾವಿಯ ಆಕಾರಕ್ಕೆ ತಂದೆ. ಕೊನೆಯ ಗಂಟು ಹಾಕಬೇಕು, ಅಷ್ಟರಲ್ಲಿ ಬೀಗಿತ್ತಿಯ ಆಟೋ ಬಂತು. ತುದಿಯನ್ನು ಹಾಗೇ ಒಳಗೆ ಸೇರಿಸಿ ಕೂಸಿನ ತಲೆಗೆ ಹಾಕಿಬಿಟ್ಟೆ.

ತೊಟ್ಟಿಲು ತೂಗಿದ್ದಾಯಿತು, ಹಾಡಿದ್ದಾಯಿತು. ಬೀಗಿತ್ತಿ ಕುಲಾವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಚೆಂದಾಗದೆ ಕಣ್ರವ್ವ. ಯಾರ್ ಎಣುದಿದ್ದು?" ಎಂದರು.

"ಇನ್ಯಾರು, ನಿಮ್ ಮೊಮ್ಮಗಳೇಯ," ಎಂದೆ.

ಹೆಂಗಸರೆಲ್ಲ ಅವಳ ಗಲ್ಲ ಹಿಂಡಿದರು. ಅವಳು ನಗಲಿಲ್ಲ. ತೊಟ್ಟಿಲ ಹತ್ತಿರ ಬಂದು ಕುಲಾವಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಒಂದು ಅಂಗೈಯನ್ನು ತಮ್ಮನ ನೆತ್ತಿಯ ಮೇಲೆ ಮೆಲ್ಲಗೆ ಇಟ್ಟು, ಇನ್ನೊಂದು ಕೈಯಲ್ಲಿ ಒಳಗಿನ ತುದಿ ಹುಡುಕಿ ತೆಗೆದು, ಎಳೆಯತೊಡಗಿದಳು. ನಾನು ಜನ ದಾಟಿ ತೊಟ್ಟಿಲು ಮುಟ್ಟುವುದರೊಳಗೆ ನನ್ನ ಕೆಲಸವೆಲ್ಲ ಬಿಚ್ಚಿಕೊಂಡು ದಾರವಾಗಿತ್ತು. ತನ್ನ ಸುತ್ತು ಬಂದ ಕೂಡಲೇ ಕೈ ನಿಲ್ಲಿಸಿದಳು. ಕೂಸಿನ ನೆತ್ತಿಯ ಮೇಲೆ ನಿಪ್ಪಟ್ಟು ಮಾತ್ರ ಉಳಿಯಿತು.

"ಅಯ್ಯೋ, ಯಾಕ್ಲೇ ಕಿತ್ತಾಕ್ದೆ?" ಎಂದರು ಬೀಗಿತ್ತಿ.

"ಅದು ಅಜ್ಜಿ ಎಣುದಿದ್ದು. ಅಜ್ಜಿ ಮುಟ್ಟುದ್ರೆ ಲೆಕ್ಕಕ್ಕಿಲ್ಲ. ಆಮ್ಯಾಕೆ ಮಗೂನ ಕೊಡಲ್ಲ ಅಂತಾಳೆ." ನನ್ನ ಕಡೆ ತಿರುಗಿದಳು. "ಈಗ ಪೂರ್ತಿ ನಂದೇಯ. ಕೊಡು."

"ಇದು ಕುಲಾವಿಯೇನೇ?"

"ಅವ್ನ್ ತಲೆ ಮ್ಯಾಲೆ ನಿಂತದಲ್ಲ."

ನಾನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರಿದ್ದಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ಮಗಳಂತೂ ಬಾಣಂತಿ ಎಂಬುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡಿದ್ದಳು. ನನಗೆ ಸಿಟ್ಟು ಬಂತು, ನಗು ಬಂತು, ಆಮೇಲೆ ಕಣ್ಣೂ ತುಂಬಿತು. ನನ್ನ ಮಾತನ್ನು ನನಗಿಂತ ಅವಳೇ ಹೆಚ್ಚು ನಂಬಿದ್ದಳಲ್ಲ.

ಊಟವಾದ ಮೇಲೆ ಕೈ ತೊಳೆಸಿ, ಗೋಡೆಗೆ ಒರಗಿಸಿ, ಕಾಲು ಚಾಚಿಸಿ ಕೂರಿಸಿದೆ. ಕತ್ತಿನ ಕೆಳಗೆ ಕೈ ಹೇಗೆ ಕೊಡಬೇಕೆಂದು ತೋರಿಸಿ ಕೂಸನ್ನು ಮಡಿಲಿಗಿಟ್ಟೆ. ಬಂದಾಗ ಒಂದು ಕಡೆ ನಿಲ್ಲದಿದ್ದ ಹುಡುಗಿ ಈಗ ಮಿಸುಕಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ.

ಹೊರಗೆ ಆಟೋದವನು ಹಾರ್ನ್ ಹೊಡೆದ. ಬೀಗಿತ್ತಿ ಚೀಲ ಹಿಡಿದು ಬಾಗಿಲಿಗೆ ಬಂದು, "ಏಳವ್ವ, ಬಸ್ ತಪ್ಪೋಯ್ತದೆ," ಎಂದರು.

"ಶ್, ಮಲಗವ್ನೆ," ಎಂದಳು ಇವಳು, ಪಿಸುದನಿಯಲ್ಲಿ. "ನಾನ್ ಎದ್ರೆ ಎಚ್ಚರ ಆಯ್ತದೆ. ನೀನೋಗು ಸರಗೂರಜ್ಜಿ. ಅವ್ನು ಎದ್ದ ಮ್ಯಾಲೆ ಬತ್ತೀನಿ."

ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಬಗ್ಗಿ ನೋಡಿದೆ. ಕೂಸು ಎರಡೂ ಕಣ್ಣು ಅಗಲಕ್ಕೆ ಬಿಟ್ಟುಕೊಂಡು, ಅಕ್ಕನ ಬೆರಳು ಹಿಡಿದು, ಅವಳ ಮುಖವನ್ನೇ ನೋಡುತ್ತಿತ್ತು.

"ಊಂ ಕಣ್ರವ್ವ, ಒಳ್ಳೆ ನಿದ್ದೆ ಅತ್ಬುಟ್ಟದೆ," ಎಂದೆ. "ನೀವ್ ಬನ್ನಿ, ಇನ್ನೊಂದ್ ಲೋಟ ಕಾಪಿ ಕುಡೀರಿ."