ದಾದಾನ ತಲೆಗೆ ಬಂದ ರೇಷ್ಮೆ

ಬರಿ ತಲೆಯಲ್ಲಿ ನಮ್ಮ ಮಸೀದಿಗೆ ಬಂದವರು ದೇವರಿಗಿಂತ ಮೊದಲು ನಮ್ಮ ದಾದಾನಿಗೆ ಉತ್ತರ ಕೊಡಬೇಕಿತ್ತು. ದಾದಾ ಅಂದರೆ ನಮ್ಮಪ್ಪನ ಅಪ್ಪ. ಮಸೀದಿ ಬಾಗಿಲಲ್ಲಿ ಒಂದು ಬುಟ್ಟಿ, ಅದರ ತುಂಬ ಪ್ಲಾಸ್ಟಿಕ್ ಟೋಪಿಗಳು, ಮರೆತು ಬಂದವರಿಗೆ ಅಂತ. ಅದನ್ನು ಹಾಕಿಕೊಂಡರೆ ಎಂಥ ಸಾಹುಕಾರನೂ ತಲೆ ಮೇಲೆ ಟೀ ಜಾಲರಿ ಬೋರಲು ಹಾಕಿಕೊಂಡವನ ಹಂಗೆ ಕಾಣುತ್ತಾನೆ. ಇನ್ನು ನಾನು, ಜೆಲ್ ಹಚ್ಚಿ ಕಷ್ಟಪಟ್ಟು ಕೂದಲು ನಿಲ್ಲಿಸಿಕೊಂಡು ಹೋದವನು, ನಮಾಜ್ ಮುಗಿಸಿ ಹೊರಗೆ ಬರುವಾಗ ಹಸು ನೆಕ್ಕಿದ ಕರು.

ಗಲ್ಫಿನಿಂದ ಬಂದ ಹುಡುಗನೊಬ್ಬ ಒಮ್ಮೆ ವಾದಕ್ಕೆ ನಿಂತ. "ಸೌದೀಲಿ ಎಷ್ಟೋ ಜನ ಬರಿ ತಲೇಲೇ ಮಾಡ್ತಾರೆ ದಾದಾ."

"ಸೌದೀಲಿ ನೆಲ ತೋಡಿದ್ರೆ ಎಣ್ಣೆ ಬರ್ತೈತೆ. ಚಳ್ಳಕೆರೇಲಿ ಶೇಂಗಾ ಅರೆದ್ರೇನೇ ಎಣ್ಣೆ. ಮುಚ್ಕಳ್ಲೇ ತಲೆ!"

ಈ ಮಾತನ್ನು ದಾದಾನ ದನಿಯಲ್ಲೇ ಹೇಳಿ ನಾನು ಎಷ್ಟು ಪುಕ್ಕಟೆ ಟೀ ಕುಡಿದಿದ್ದೀನೋ. ಮಸೀದೀಲಿ ನಮಾಜ್ ಮಾಡಿಸೋ ನಮ್ಮ ಹಜ್ರತ್ ಕೆಮ್ಮೋದು, ಕಂಡಕ್ಟರ್ ಗೊಣಗೋದು, ಎಲ್ಲ ನನಗೆ ಬರ್ತೈತೆ. ಆದರೆ ಜನ ಕೇಳೋದು ದಾದಾನನ್ನೇ.

ಹೋದ ಬೇಸಿಗೆಯಲ್ಲಿ ದಾದಾನ ತಲೆಯ ಬಲಗಡೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ಫ್ಯಾನಿನ ಗಾಳಿ ಸೋಕಿದರೂ ಕಣ್ಣಲ್ಲಿ ನೀರು. ದಾದಾನ ಹೆಂಡತಿ, ನಮ್ಮ ದಾದಿಯ ಹಳೇ ಮಲ್ಮಲ್ ಸೆರಗು ಹರಿದು ಮೆಲ್ಲಗೆ ಹೊದಿಸಿದೆವು. ತಲೆ ಮೇಲೆ ಕೆಂಡ ಬಿದ್ದವರಂತೆ ಕಿತ್ತೆಸೆದರು. ನರ ಸುಧಾರಿಸೋಕೆ ತಿಂಗಳುಗಟ್ಟಲೆ ಬೇಕು ಅಂದರು ಡಾಕ್ಟರು. ದಾದಾ ಮಸೀದಿಗೆ ಹೋಗೋದು ನಿಂತಿತು.

ಹಜ್ರತ್ ಮನೆಗೇ ಬಂದರು. "ಟೋಪಿ ಅನ್ನೋದು ಅದಬ್, ಮರ್ಯಾದೆ. ಕಡ್ಡಾಯ ಅಲ್ಲ. ಹಂಗೇ ಬನ್ನಿ, ನಮಾಜ್ ಆಗ್ತೈತೆ."

"ನೀವು ಕಡ್ಡಾಯ ಮಾಡಿಲ್ಲ ಹಜ್ರತ್," ಅಂದರು ದಾದಾ. "ಊರಿಗೆಲ್ಲ ಮಾಡಿದವನು ನಾನು."

ಆ ಸಂಜೆ ಮಸೀದಿ ಅಂಗಳದಲ್ಲಿ ಹುಡುಗರು "ಲೇ, ಒಂದ್ಸಲ ದಾದಾ ಮಾಡಲೇ" ಅಂದರು. ಒಳಗೆ ಮೊದಲ ಸಾಲಿನಲ್ಲಿ ಕಿಟಕಿ ಪಕ್ಕದ ದಾದಾನ ಜಾಗ ಖಾಲಿ ಇತ್ತು. ಗಂಟಲು ಕೆಟ್ಟೈತೆ ಅಂತ ಎದ್ದುಬಂದೆ.

ಮೊಳಕಾಲ್ಮೂರಿನಲ್ಲಿ ದಾದಾನಿಗೊಬ್ಬ ಗೆಳೆಯ, ರೇಷ್ಮೆ ಸೀರೆ ನೇಯುವವರು. ಮನೆಮಾತು ತೆಲುಗು. ನಾನು ತಾತ ಅಂತೀನಿ. ವಯಸ್ಸಿದ್ದಾಗ ದಾದಾ ಅವರ ಸೀರೆಗಳ ಗಂಟು ಹೊತ್ತು ಊರೂರಿನ ಅಂಗಡಿಗೆ ಹಾಕಿ ಬರ್ತಿದ್ದರು. ಒಬ್ಬರಿಗೊಬ್ಬರು ಬಾವ. ಯಾರೂ ಯಾರ ತಂಗಿಯನ್ನೂ ತಂದುಕೊಂಡಿಲ್ಲ, ಬೈದಾಟಕ್ಕೆ ಅನುಕೂಲ ಅಂತ ಬಾವ.

ಸರ್ಪಸುತ್ತಿನ ಸುದ್ದಿ ತಿಳಿದು ತಾತ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿದರು. ಒಳಗೆ ಟೋಪಿ. ಕೆನೆ ಬಣ್ಣ, ಅಪ್ಪಟ ರೇಷ್ಮೆ. ಸೀರೆ ಮುಗಿದ ಮೇಲೆ ಮಗ್ಗದಲ್ಲಿ ಉಳಿದ ಎಳೆಗಳಲ್ಲೇ ತುಂಡು ಬಟ್ಟೆ ನೇಯ್ದು, ಹೊಲಿಗೆ ತಲೆಗೆ ಚುಚ್ಚಬಾರದು ಅಂತ ಹೊರಮುಖಕ್ಕೆ ಹಾಕಿಸಿದ್ದರು.

ದಾದಾ ಅದನ್ನು ಹೆಬ್ಬೆರಳಲ್ಲಿ ಸವರಿದರು. "ನಮ್ಮಲ್ಲಿ ಗಂಡಸರು ರೇಷ್ಮೆ ಹಾಕೋ ಹಂಗಿಲ್ಲವಲ್ಲೋ," ಅಂದರು. "ಹೊತ್ತಿದ್ದೀನಿ, ಮಾರಿದ್ದೀನಿ. ಮೈಮೇಲೆ ಹಾಕ್ಕಂಡಿಲ್ಲ."

ಕಾಯಿಲೆಯವರಿಗೆ ರಿಯಾಯಿತಿ ಇದೆ ಅಂದರು ಹಜ್ರತ್. ದಾದಾ ಒಪ್ಪಲಿಲ್ಲ. ರಿಯಾಯಿತಿ ಕೇಳಿದವರಿಗೆಲ್ಲ ಬುಟ್ಟಿ ತೋರಿಸಿದವರು ಅವರು.

ಫೋನು ಬಡಿದುಕೊಂಡಿತು. ತಾತನದು. ದಾದಾ ಅದನ್ನು ಎತ್ತದೆ ನನ್ನ ಕಡೆ ತಿರುಗಿದರು. "ನೀನು ನನ್ನಂಗೇ ಮಾತಾಡ್ತೀಯಲ್ಲ, ತಗೋ. ಚೆನ್ನಾಗೈತೆ ಅನ್ನು."

"ನಿಮಗೆ ಗೊತ್ತಾ ದಾದಾ?"

"ತಲೆ ಸುಟ್ಟಿರೋದಷ್ಟೇ, ಕಿವಿ ನೆಟ್ಟಗಿದಾವೆ."

ಎತ್ತಿದೆ. ಆ ಕಡೆ ಮಗ್ಗದ ಸದ್ದು, ಅದರ ಮೇಲೆ ತಾತನ ಗಂಟಲು. "ಏಂ ಬಾವ, ಸರಿಪೋಯಿಂದಾ? ನಿನ್ನ ತಲೆ ಕುಂಬಳಕಾಯಿ ಅಂತ ಒಂದು ಬೆರಳು ಜಾಸ್ತೀನೇ ಬಿಟ್ಟೀನಿ!"

ಅಷ್ಟು ಖುಷಿಯಲ್ಲಿ ಇದ್ದವರಿಗೆ ಕದ್ದ ದನಿಯಲ್ಲಿ ಸುಳ್ಳು ಹೆಂಗೆ ಹೇಳೋದು? ಬಾಯಿ ತೆರೆದರೆ ನನ್ನ ದನಿಯೇ ಬಂತು. ದಾದಾ ರೇಷ್ಮೆ ಹಾಕಲ್ಲ ಅಂತ ಇದ್ದದ್ದು ಇದ್ದಂಗೆ ಹೇಳಿಬಿಟ್ಟೆ.

ಮಗ್ಗ ನಿಂತಿತು.

"ನನ್ನ ಮಗಳ ಮದುವೇಲಿ ಅವನಿಗೆ ರೇಷ್ಮೆ ಶಲ್ಯ ಹೊದಿಸಿದ್ನಲ್ಲ?"

"ದಾದಿ ಹೊದ್ಕಂತಿದ್ರು ತಾತ."

"ಅವರ ಮೈಮೇಲೆ ನೋಡಿ, ಹೆಂಡ್ತಿ ಅಂದ್ರೆ ಪ್ರಾಣ ಇವನಿಗೆ ಅನ್ಕಂಡಿದ್ದೆ," ಅಂದು ಇಟ್ಟುಬಿಟ್ಟರು.

"ಏನಂದ?" ಅಂತ ದಾದಾ ಕೇಳಿದರು. ಏನೂ ಇಲ್ಲ ಅಂದೆ. ಅವತ್ತಿಂದ ತಾತ ಫೋನ್ ಮಾಡಲಿಲ್ಲ, ನಾವು ಮಾಡಿದರೆ ಎತ್ತಲಿಲ್ಲ. ದಾದಾ ಊಟದ ನಡುವೆ ಕೈ ತೊಳೆದು ಏಳೋದು, ಸುಮ್ಮನೆ ಫೋನು ತಿರುಗಿಸಿ ನೋಡೋದು.

ಒಂದು ಬೆಳಿಗ್ಗೆ "ನಡಿ, ಮೊಳಕಾಲ್ಮೂರು" ಅಂದರು. ಟೋಪಿಯನ್ನು ಮಡಿಸಿ ಎದೆಯ ಜೇಬಿಗೆ ಇಟ್ಟುಕೊಂಡರು. ಹಾಲು ತರೋಕೂ ಬರಿ ತಲೆಯಲ್ಲಿ ಹೊಸ್ತಿಲು ದಾಟದ ಮನುಷ್ಯ ಹಂಗೇ ಬೀದಿಗಿಳಿದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆದೆ; ಮದುವೆ ಗಂಡನ್ನು ಕರ್ಕೊಂಡು ಹೋಗೋನ ಹಂಗೆ ಇದ್ದೆನೋ ಏನೋ, ಆದರೂ ಬೀದಿಯಲ್ಲಿ ಯಾರೂ ನಗಲಿಲ್ಲ.

ಬಸ್ಸಿನಲ್ಲಿ ಆ ಸೆಕೆಗೂ ಕಿಟಕಿ ಮುಚ್ಚಿಸಿದರು. ಹಳೇ ಪರಿಚಯದ ಕಂಡಕ್ಟರು, "ಸಾಬ್ರೆ, ಟೋಪಿ ಎಲ್ರಿ?" ಅಂದ.

"ಜೇಬಲ್ಲೈತೆ."

ತಳಕು ದಾಟಿತು, ಹಾನಗಲ್ ದಾಟಿತು.

ತಾತ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಏಳಲಿಲ್ಲ. ಕೊನೆಗೆ ಕತ್ತೆತ್ತಿ, ಕೂದಲುದುರಿ ಕಪ್ಪುಗಟ್ಟಿದ ಆ ತಲೆ ನೋಡಿದರು. ಕೈ ಮೇಲೆ ಹೋಯಿತು, ಮುಟ್ಟದೆ ನಿಂತಿತು. "ಇಷ್ಟೊಂದು ಐತಾ?"

ಆಮೇಲೆ ಅಂದರು, "ಟೋಪಿ ಕೊಡು ಇಲ್ಲಿ. ಹತ್ತೀದು ಮಾಡಿಸ್ತೀನಿ."

"ಹತ್ತೀನೂ ತಡಿಯಲ್ಲ ಬಾವ."

"ಮತ್ತೆ ಅದನ್ನ ವಾಪಸ್ ಕೊಡು."

"ಕೊಡಲ್ಲ."

"ಹಾಕ್ಕಣಲ್ಲ, ಕೊಡಲ್ಲ. ಏನು ಮಾಡ್ತೀಯ?"

"ಇಟ್ಕಂತೀನಿ."

ತಾತ ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದರು. "ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬೌದಿತ್ತು."

"ನೀನು ಖುಷೀಲಿ ಕೊಡ್ತಿದ್ದೆ. ನಾನು ಹೆಂಗೆ ಹೇಳ್ಲಿ?"

"ಇನ್ನೂ ಏನೇನು ಹೇಳಿಲ್ವೋ," ಅಂದರು ತಾತ. ಆ ಮಾತಿನಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಆಜಾನ್ ಕೇಳಿಸಿತು. ಮಸೀದಿ ಹತ್ತಿರವೇ ಇತ್ತು. "ಹೋಗು," ಅಂದರು ತಾತ. ದಾದಾ ಹೋಗಲಿಲ್ಲ. ತಾತನ ಹೆಂಡತಿ ಅಜ್ಜಿ ಒಗೆದ ದುಪ್ಪಟಿ ತಂದು ಮಗ್ಗದ ಪಕ್ಕ ಹಾಸಿದರು. ದಾದಾ ಬರಿ ತಲೆಯಲ್ಲಿ ನಮಾಜಿಗೆ ನಿಂತರು. ನಾನೂ ಪಕ್ಕ ನಿಂತೆ. ಅವರು ಕೈ ಎತ್ತುವ ಮುಂಚೆ ಒಂದ್ಸಲ ತಿರುಗಿ ನನ್ನನ್ನು ನೋಡಿದರು.

"ಮುಚ್ಕಳ್ಲೇ ತಲೆ."

ಟೋಪಿ ತಂದಿರಲಿಲ್ಲ. ಕರ್ಚೀಫು ಕಟ್ಟಿಕೊಂಡೆ. ನಾವು ಮುಗಿಸುವವರೆಗೂ ತಾತ ಮಗ್ಗ ಮುಟ್ಟಲಿಲ್ಲ. ಊಟ ಹಾಕಿದರು, ಅನ್ನ ಸಾಕು ಅಂದರೂ ಬಡಿಸಿದರು. ಬಸ್‌ಸ್ಟ್ಯಾಂಡಿಗೆ ಮಾತ್ರ ಬರಲಿಲ್ಲ. ಯಾವಾಗಲೂ ಬರ್ತಿದ್ದವರು.

ವಾಪಸ್ ಬರುವಾಗ ದಾದಾ ಎದೆಯ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು. "ಅವನು ಫೋನ್ ಮಾಡ್ತಾನೆ ಅಂತೀಯಾ?"

ಗೊತ್ತಿಲ್ಲ ದಾದಾ, ಅಂದೆ.

ಸ್ವಲ್ಪ ಹೊತ್ತಾದ ಮೇಲೆ ನನ್ನ ತಲೆ ನೋಡಿದರು. "ಇನ್ನೂ ಕಟ್ಕಂಡೇ ಇದೀಯಲ್ಲೋ. ಬಿಚ್ಚು, ಸೆಕೆ."

ಬಿಚ್ಚಲಿಲ್ಲ.