ಝೂನಿ ಜಿಂಕೆಯ ಎದೆಯುರಿ

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಟೀಚರೊಬ್ಬರಿದ್ದರು. ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ನವರಾತ್ರಿಗೆ ಸ್ವಲ್ಪ ಮುಂಚೆ, ಅವರು ತಂಗಿಯ ಊರಿಗೆ ಹೊರಟರು. ಮನೆಗೆ ಪೇಂಟ್ ಹೊಡೆಯುವವರು ಬರುವವರಿದ್ದರು. ಅವರ ಕೈಗೆ ಸಿಕ್ಕರೆ ಉಳಿಯುವುದಿಲ್ಲವೆಂದು ಒಂದು ಗಡಿಗೆಯನ್ನು ನನ್ನ ಕೈಗಿಟ್ಟರು. ಅಮೆರಿಕದ ಮೂಲನಿವಾಸಿಗಳಾದ ಝೂನಿ ಜನರ ಊರಿನಲ್ಲಿ ಒಬ್ಬ ಅಜ್ಜಿ ಮಾಡಿದ್ದು. ಟೀಚರ್ ಅದನ್ನು ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರಂತೆ. ಬಿಳಿ ಮೈ, ಕಂಠದ ಸುತ್ತ ಕಪ್ಪೆಗಳು, ಹೊಟ್ಟೆಯ ಮೇಲೆ ಕಂದು ಜಿಂಕೆಗಳು. ಪ್ರತಿ ಜಿಂಕೆಯ ಬಾಯಿಂದ ಎದೆಯವರೆಗೆ ಒಂದು ಕೆಂಪು ಬಾಣ. ಅದು ಉಸಿರಿನ ದಾರಿ, ಜಿಂಕೆಯ ಜೀವವೇ ಅದು ಎಂದು ಟೀಚರ್ ವಿವರಿಸಿದರು.

ಧಾರವಾಡದಿಂದ ಬಂದು ನಮ್ಮೊಡನೆ ಇದ್ದ ನನ್ನ ಅತ್ತೆ ಕನ್ನಡಕ ಏರಿಸಿ ನೋಡಿದರು.

"ಜೀವ ಅಲ್ಲವ್ವಾ, ಇದು ಎದಿ ಉರಿ. ನನಗೂ ಹಿಂಗ ಇಲ್ಲಿಂದ ಇಲ್ಲೀತನಕಾ ಉರೀತದ. ಪಾಪ, ಮಜ್ಜಿಗಿ ಕುಡೀಬೇಕಿತ್ತು."

ಅತ್ತೆಗೆ ಲಂಡನ್ನಿನ ಮೇಲೆ ಇದ್ದದ್ದು ಒಂದೇ ಸಿಟ್ಟು. ನವರಾತ್ರಿಗೆ ನಮ್ಮಲ್ಲಿ ಘಟ್ಟ ಹಾಕುತ್ತಾರೆ. ಮಣ್ಣು ಹರವಿ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟರೆ ಅದು ಜಿನುಗಿ ಜಿನುಗಿ ಸಸಿ ಏಳಬೇಕು. ಹ್ಯಾರೋದ ಅಂಗಡಿಗಳಲ್ಲಿ ಕರಿಬೇವು ಸಿಗುತ್ತಿತ್ತು, ಗಡಿಗೆ ಸಿಗುತ್ತಿರಲಿಲ್ಲ. ಸ್ಟೀಲ್ ತಂಬಿಗೆ ಎಷ್ಟು ಪೂಜೆ ಮಾಡಿದರೂ ಜಿನುಗುವುದಿಲ್ಲ. ವರ್ಷ ವರ್ಷವೂ ನಮ್ಮ ಘಟ್ಟ ನನ್ನ ಗಂಡನ ತಲೆಯಂತೆ ಬೋಳಾಗಿರುತ್ತಿತ್ತು, ಅತ್ತೆ ಮುಖ ಊದಿಸಿಕೊಂಡಿರುತ್ತಿದ್ದರು.

ನವರಾತ್ರಿಯ ಮೊದಲ ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಝೂನಿ ಗಡಿಗೆ ನೀರು ತುಂಬಿಕೊಂಡು, ತೆಂಗಿನಕಾಯಿ ಹೊತ್ತು, ದೇವರ ಮುಂದೆ ಕೂತಿದೆ! ನನ್ನ ಜೀವ ಬಾಯಿಗೆ ಬಂತು.

"ಅತ್ತೀ, ಇದು ಶೋಕೇಸಿನ್ದು! ಬಣ್ಣ ಹೋದ್ರ ಏನ್ ಹೇಳೂದ್ರೀ?"

"ಗಡಿಗ್ಯಾಗ ನೀರು ಹಾಕಲಾರದ ಮತ್ತೇನ್ ಹಾಕ್ತಾರ? ಘಟ್ಟ ಕೂಡಿಸೀನಿ. ಇನ್ನ ದಸರಾತನಕಾ ಅಲುಗಾಡ್ಸೂ ಹಂಗಿಲ್ಲ."

ಹಬ್ಬ ಮುಗಿಯುವ ಮೊದಲೇ ಟೀಚರ್ ವಾಪಸಾಗಿ ಬಾಗಿಲು ತಟ್ಟಿದರು. ನಾನು ಹೊಸ್ತಿಲಲ್ಲೇ ನಿಂತು ಹವೆ, ತಂಗಿ, ಪೇಂಟು, ಮತ್ತೆ ಹವೆ ಎಂದು ಕೊರೆದೆ. ಅತ್ತೆಗೆ ಅಂಥ ಸಂಕೋಚವೆಲ್ಲ ಇಲ್ಲ. ಟೀಚರ ಕೈ ಹಿಡಿದು ಒಳಗೇ ಕರೆದೊಯ್ದರು.

ಸಸಿ ದಟ್ಟವಾಗಿ ಎದ್ದಿತ್ತು. ಜಿಂಕೆಗಳು ಹೊಟ್ಟೆಮಟ್ಟ ಹಸಿರಿನಲ್ಲಿ ನಿಂತಿದ್ದವು. ಗಡಿಗೆಯ ಬುಡಕ್ಕೆ ಮಾತ್ರ ನೀರಿನ ಕಲೆ ಹತ್ತಿತ್ತು. ಟೀಚರ್ ಮಂಡಿಯೂರಿ ಒಂದೊಂದೇ ಕೆಂಪು ಬಾಣವನ್ನು ಪರೀಕ್ಷಿಸಿದರು. ಎಲ್ಲವೂ ಇದ್ದವು.

"ಇದು ನೀರಿನ ಗಡಿಗೆ ಎಂದು ಆ ಅಜ್ಜಿ ಹೇಳಿದ್ದಳು. ನಾನು ಅದರಲ್ಲಿ ಹಳೇ ಬಸ್ ಟಿಕೆಟ್ ಹಾಕಿಡುತ್ತಿದ್ದೆ," ಎಂದರು.

ಅತ್ತೆಗೆ ಅನುವಾದಿಸಿದೆ. ಅತ್ತೆ ನನ್ನತ್ತ ನೋಡಿದ ನೋಟಕ್ಕೆ ಅನುವಾದ ಬೇಕಿರಲಿಲ್ಲ. ಆಮೇಲೆ ಅತ್ತೆಯ ಒತ್ತಾಯಕ್ಕೆ ಎದೆಯುರಿ, ಮಜ್ಜಿಗೆಯ ವಿಷಯವನ್ನೂ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಟೀಚರ್ ಗಂಭೀರವಾಗಿ ತಲೆಯಾಡಿಸಿದರು. ಗಡಿಗೆಯನ್ನು ದಸರೆಯಾದ ಮೇಲೇ ಒಯ್ದರು.

ಮರುವರ್ಷ ನವರಾತ್ರಿಯ ಹಿಂದಿನ ದಿನ ಬೆಲ್ ಆಯಿತು. ಟೀಚರ್ ನಿಂತಿದ್ದರು, ಕಂಕುಳಲ್ಲಿ ಗಡಿಗೆ, ಕೈಯಲ್ಲಿ ಒಂದು ಮೊಸರಿನ ಡಬ್ಬಿ.

"ಮೊಸರು ಜಿಂಕೆಗಳಿಗೆ," ಎಂದರು.