ಅಪ್ಪನ ಹಾಡಿನ ನಡುವೆ ಎರಡು ಸೆಕೆಂಡು

ಸಿಡಿ ಕಾಕಾನ ಬಲಗಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡಿತ್ತು. ಇಪ್ಪತ್ತು ವರ್ಷ ಹೆಡ್‌ಫೋನು ಒಂದೇ ಜಾಗದಲ್ಲಿ ಒತ್ತಿ ಒತ್ತಿ ಹಾಗಾಗಿದೆ ಎಂದು ಅವರೇ ಹೇಳುತ್ತಿದ್ದರು. ಎಡಗಿವಿ ನೆಟ್ಟಗಿತ್ತು. ಗಿರಾಕಿಗಳ ಮಾತು ಕೇಳಲೆಂದು ಆ ಕಡೆಯದನ್ನು ಯಾವಾಗಲೂ ಹಿಂದಕ್ಕೆ ಸರಿಸಿಕೊಂಡಿರುತ್ತಿದ್ದರು.

ಶಿಗ್ಗಾಂವದ ಒಂದು ಓಣಿಯಲ್ಲಿ ಅವರ ಅಂಗಡಿ. ಮೊದಲು ಕ್ಯಾಸೆಟ್ ಮಾರುತ್ತಿದ್ದರು. ಆಮೇಲೆ ಜನರ ಹಳೆಯ ಕ್ಯಾಸೆಟ್‌ಗಳನ್ನು ಸಿಡಿಗೆ ಹಾಕಿಕೊಡತೊಡಗಿದರು. ಹಾನಗಲ್ಲ, ಸವಣೂರ ಕಡೆಯ ಭಜನಾ ಮೇಳದವರು, ಹುಲಗೂರಿನ ದರ್ಗಾದಲ್ಲಿ ಹಾಡುವವರು, ಎಲ್ಲರೂ ಅವರ ಹತ್ತಿರವೇ ಬರುತ್ತಿದ್ದರು. ಎಲ್ಲರಿಗೂ ಅವರು ಸಿಡಿ ಕಾಕಾ. ನಾನೂ ಹಾಗೆಯೇ ಕರೆಯುತ್ತಿದ್ದೆ. ನಾನು ಕನ್ನಡ ಶಾಲೆಯ ಶಿಕ್ಷಕಿಯಾದ್ದರಿಂದ ಅವರು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ನನ್ನ ಅಪ್ಪ ನಮ್ಮೂರ ಭಜನಾ ಮೇಳದಲ್ಲಿ ಮುಂದೆ ನಿಂತು ಹಾಡುವವರು. ಅವರ ಮೇಳದ್ದೊಂದು ಕಟ್ಟಳೆಯಿತ್ತು. ಮೊದಲ ಪದ ಎತ್ತಿಕೊಂಡ ಮೇಲೆ ಮಂಗಳಾರತಿಯವರೆಗೆ ತಾಳವನ್ನು ನೆಲಕ್ಕಿಡುವಂತಿಲ್ಲ. ಒಂದು ಪದ ಮುಗಿದರೂ ತಾಳ ನಡೆದೇ ಇರುತ್ತಿತ್ತು. ಅಪ್ಪ ಒಂದು ಉಸಿರು ತೆಗೆದುಕೊಂಡು ಅದೇ ನಡೆಯ ಮೇಲೆ ಮುಂದಿನ ಪದ ಎತ್ತುತ್ತಿದ್ದರು. ಅವರು ತೀರಿಕೊಂಡಾಗ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಕ್ಯಾಸೆಟ್. ಅದರ ಒಂದು ಬದಿಯಲ್ಲಿ ಏಳು ಪದಗಳು. ಅದನ್ನು ಹಿಡಿದುಕೊಂಡು ನಾನು ಕಾಕಾನ ಅಂಗಡಿಗೆ ಹೋದೆ.

ಅವರು ಆ ಬದಿಯನ್ನು ನನ್ನೆದುರೇ ಪೂರ್ತಿ ಕೇಳಿದರು. ನಡುವೆ ಬಂದ ಗಿರಾಕಿಗಳನ್ನು ಕೈ ಎತ್ತಿ ತಡೆದರು. ಮುಗಿದ ಮೇಲೆ ಕೇಳಿದರು.

“ಏಳು ನಂಬರ ಬ್ಯಾರೆ ಬ್ಯಾರೆ ಬೇಕೇನ್ರಿ, ಎಲ್ಲಾ ಒಂದ ಸವನ ಬೇಕೋ?”

“ಬ್ಯಾರೆ ಬ್ಯಾರೆ ಬೇಕ್ರಿ ಕಾಕಾ. ಮೇಳದವರು ಒಂದೊಂದು ಪದ ಹಚ್ಚಿಕೊಂಡು ಕಲೀತಾರಂತ.”

“ನಂಬರ ಹಾಕ್ತೇನಿ. ಆದ್ರ ನಡಕ ಖಾಲಿ ಬಿಡಂಗಿಲ್ಲ. ಕಂಪ್ಯೂಟರ ತನ್ನಷ್ಟಕ್ಕ ತಾನ ಎರಡು ಸೆಕೆಂಡ ಖಾಲಿ ಹಾಕ್ತೈತಿ. ನಾವು ಬ್ಯಾಡಂತ ಹೇಳಿದ್ರ ಮಾತ್ರ ಬಿಡ್ತೈತಿ.”

“ಎರಡ ಸೆಕೆಂಡ್ ಅಲ್ರಿ?” ಎಂದು ನಾನು ನಕ್ಕೆ.

ಅವರು ನಗಲಿಲ್ಲ. “ಅಕ್ಕಾರ, ಮೆಟ್ಟಿಲು ಇಳಿಯೂವಾಗ ಒಂದ ಮೆಟ್ಟಿಲು ಇಲ್ಲಂದ್ರ ಏನಾಕ್ಕೈತ್ರಿ? ಒಂದ ಮೆಟ್ಟಿಲ ಅಲ್ರಿ ಅದೂ?”

ಒಂದು ಪದ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕಲು ಅವರಿಗೆ ಇಡೀ ಮಧ್ಯಾಹ್ನ ಬೇಕಾಯಿತು. ಅಪ್ಪನ ಉಸಿರು ಯಾವ ಪದಕ್ಕೆ ಸೇರಬೇಕು ಎಂಬುದೇ ಅವರ ಪ್ರಶ್ನೆ. ಕೊನೆಗೆ ಉಸಿರಿನ ಮುಂಚೆ ಗುರುತು ಹಾಕಿದರು. “ಯಾವ ನಂಬರ ಹಚ್ಚಿದ್ರೂ ಅಪ್ಪಾರು ಮೊದಲ ಉಸಿರು ತಗೋಬೇಕು, ಆಮ್ಯಾಲ ಹಾಡಬೇಕು” ಎಂದರು. ಐದನೆಯ ಪದ ಮುಗಿಯುತ್ತಲೇ ಅಪ್ಪ ಒಮ್ಮೆ ಕೆಮ್ಮಿದ್ದರು. ಅದನ್ನು ತೆಗೆಯಬಹುದೇ ಎಂದು ನಾನು ಕೇಳಿದೆ. ಮತ್ತೆ ಮೂರು ಸಲ ಆ ಜಾಗ ಕೇಳಿ ಹೇಳಿದರು: “ಬ್ಯಾಡ್ರಿ. ಕೆಮ್ಮಿದ್ದೂ ತಾಳದಾಗ ಐತಿ.”

ಸಿಡಿ ರೈಟ್ ಆಗುವಾಗ ಅವರು ಫ್ಯಾನು ಆರಿಸಿದರು, ಫೋನು ಎತ್ತಲಿಲ್ಲ, ಟೇಬಲ್ಲಿಗೆ ಮೊಣಕೈ ಊರಲು ನನಗೂ ಬಿಡಲಿಲ್ಲ. ಎಲ್ಲಕ್ಕಿಂತ ನಿಧಾನದ ವೇಗವನ್ನೇ ಆರಿಸಿಕೊಂಡಿದ್ದರು. ಹೊರಬಂದ ಸಿಡಿಯನ್ನು ಮತ್ತೆ ಮೊದಲಿಂದ ಕೊನೆಯವರೆಗೆ ಕೇಳಿ, ಆಮೇಲೆಯೇ ಅದರ ಕವರಿನ ಮೇಲೆ ತಮ್ಮ ಅಂಗಡಿಯ ಶಿಕ್ಕಾ ಒತ್ತಿದರು. ಕೇಳದೆ ಶಿಕ್ಕಾ ಒತ್ತುತ್ತಿರಲಿಲ್ಲ. ಈ ಮಾತನ್ನು ನಾನು ನೋಡಿಯೇ ಹೇಳುತ್ತಿದ್ದೇನೆ.

ಇನ್ನು ಮುಂದಿನದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಒಂದಕ್ಕೆರಡು ಸೇರಿಸಬಾರದೆಂದು ನಿಧಾನವಾಗಿ ಬರೆಯುತ್ತೇನೆ.

ಅಪ್ಪನ ವರ್ಷದ ಪುಣ್ಯಸ್ಮರಣೆಯ ದಿನ ಊರ ಮಠದಲ್ಲಿ ಸಿಡಿ ಹಚ್ಚಬೇಕು, ಅಪ್ಪನ ದನಿಯ ಹಿಂದೆ ಮೇಳದವರು ಕೂತು ಹಾಡಬೇಕು, ಊರ ಮನೆಗಳಿಗೆ ಒಂದೊಂದು ಸಿಡಿ ಕೊಡಬೇಕು ಎಂದು ನಮ್ಮಣ್ಣ ಸಾರಿದ್ದ. ಪ್ರತಿಗಳನ್ನು ಅವನೇ ತನ್ನ ಕಂಪ್ಯೂಟರಿನಲ್ಲಿ ಮಾಡುತ್ತೇನೆಂದ. ಅದರ ಹಿಂದಿನ ಭಾನುವಾರ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಅವನು ಕಾಕಾನ ಸಿಡಿಯಿಂದ ಏಳು ಪದಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡ.

“ಇಡೀ ಸಿಡಿ ಇದ್ದಂಗ ನಕಲು ಮಾಡಿದ್ರ ಆಗೂದಿಲ್ಲೇನು?” ಎಂದು ಕೇಳಿದೆ.

“ಅಪ್ಪ ಕೆಮ್ಮಿದ್ದನ್ನ ಮಂದಿ ಮನಿಗೆಲ್ಲಾ ಹಂಚೂಣೇನ? ಅದನ್ನ ತಗೀತೇನಿ.”

“ಕಾಕಾ ಬ್ಯಾಡಂದಿದ್ರು.”

“ಅಪ್ಪ ನನಗೋ ನಿನ್ನ ಕಾಕಾಗೋ?”

ಕೆಮ್ಮು ಕತ್ತರಿಸಿ, ಏಳನ್ನೂ ಮತ್ತೆ ಜೋಡಿಸಿ, ಗುಂಡಿ ಒತ್ತಿದ. ನಡುವಿನ ಖಾಲಿ ಬೇಡವೆಂದು ಕಂಪ್ಯೂಟರಿಗೆ ಹೇಳಲಿಲ್ಲ. ಹಾಗೆ ಹೇಳಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ಸಲ ಬಾಯಿ ತೆರೆದಿದ್ದೆ, ಅವನು ಗದರಿದ್ದ. ಎರಡನೆಯ ಸಲ ತೆರೆಯಲಿಲ್ಲ. ಆಮೇಲೆ ಅವನು ಕಾಕಾನ ಕವರನ್ನು ಶಿಕ್ಕಾ ಸಮೇತ ಝೆರಾಕ್ಸ್ ಮಾಡಿಸಿ ಪ್ರತಿಯೊಂದರ ಮೇಲೂ ಹಾಕಿದ. ಕಾಕಾನ ಶಿಕ್ಕಾ ಇದ್ದರೆ ಜನ ಮರ್ಯಾದೆಯಿಂದ ತೆಗೆದುಕೊಳ್ಳುತ್ತಾರೆ ಎಂದ.

ಪುಣ್ಯಸ್ಮರಣೆಯ ದಿನ ಮಧ್ಯಾಹ್ನ ಮಠ ತುಂಬಿತ್ತು. ಕಾಕಾನನ್ನು ನಾನೇ ಕರೆದಿದ್ದೆ. ಹಿಂದಿನ ಕಂಬದ ಹತ್ತಿರ ಕೂತಿದ್ದರು. ಅಪ್ಪನ ದನಿ ಬಂತು. ಪೇಟಿಯವರು, ದಮ್ಮಡಿಯವರು, ತಾಳದವರು ಅದರ ಹಿಂದೆ ಹೊರಟರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು. ಮೊದಲ ಪದ ಮುಗಿಯಿತು. ತಾಳ ಮುಂದೆ ನಡೆಯಿತು, ಅಪ್ಪ ಬರಲಿಲ್ಲ. ಸ್ಪೀಕರ್ ಡಬ್ಬಿಗಳಲ್ಲಿ ಏನೂ ಇಲ್ಲ. ತಾಳದವರು ಕೈ ತಡೆದರು. ಅಷ್ಟರಲ್ಲಿ ಅಪ್ಪ ಉಸಿರೆಳೆದು ಎತ್ತಿಕೊಂಡರು. ಈಗ ಮೇಳ ಹಿಂದೆ ಬಿತ್ತು. ಎರಡನೆಯದಕ್ಕೂ ಹೀಗೆಯೇ ಆಯಿತು. ಮೂರನೆಯದಕ್ಕೆ ಹುಡುಗಿಯರು ಕಿಸಕ್ಕನೆ ನಕ್ಕರು. ಹಿರಿಯರೊಬ್ಬರು, “ಸತ್ತಾಂವ ದಾರಿ ತಪ್ಯಾನೋ, ಇದ್ದಾಂವ ತಪ್ಯಾನೋ?” ಎಂದರು. ಎಲ್ಲರೂ ನಕ್ಕರು. ತಾಳದವರು ತಾಳವನ್ನು ನೆಲಕ್ಕಿಟ್ಟರು. ಅಪ್ಪ ಒಬ್ಬರೇ ಹಾಡುತ್ತಿದ್ದರು. ಅವ್ವ ಎದ್ದು ಹೊರಗೆ ಹೋದಳು.

ಅಣ್ಣ ಎದ್ದು ನಿಂತು ಹಿಂದಿನ ಕಂಬದ ಕಡೆ ಕೈ ಮಾಡಿದ.

“ಇವರ ನೋಡ್ರಿ ಮಾಡಿಕೊಟ್ಟವರು! ನಮ್ಮಪ್ಪನ ಪದ ಕೊಚ್ಚಿ ತುಂಡ ಮಾಡ್ಯಾರ!”

ಕಾಕಾ ಎದ್ದರು. “ಇದು ನಾ ಮಾಡಿದ್ದಲ್ರಿ” ಎಂದರು.

“ನಿಮ್ಮ ಶಿಕ್ಕಾ ಐತಲ್ರಿ ಮ್ಯಾಲ! ಅದೂ ಸುಳ್ಳೇನು?”

ಯಾರೋ ಕವರನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಝೆರಾಕ್ಸ್ ಎಂದು ಅವರಿಗೆ ತಿಳಿಯಿತು. ನಾನು ಅವರ ಮುಖ ನೋಡುತ್ತಿದ್ದೆ, ಹಾಗಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ. ಆಮೇಲೆ ಅವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಕವರನ್ನು ಕಂಬದ ಬುಡದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ದಾರಿ ಹಿಡಿದರು. ಊಟಕ್ಕೆ ಏಳ್ರಿ ಎಂದು ಒಬ್ಬರೂ ಅವರಿಗೆ ಹೇಳಲಿಲ್ಲ. ಆ ಸಿಡಿಗಳು ಮನೆಮನೆಗೆ ಹೋದವು. ಅದರ ಜೊತೆ ಮಾತೂ ಹೋಯಿತು. ಮೇಳದವರು ಒಬ್ಬೊಬ್ಬರಾಗಿ ಅವರ ಅಂಗಡಿ ಬಿಟ್ಟರು. ಒಂದು ವರ್ಷದಲ್ಲಿ ಅವರು ಅಲ್ಲಿ ಮೊಬೈಲ್ ಕವರು ಮಾರಲು ಕೂತರು.

ಕಾಲ ಬದಲಾಯಿತು, ಸಿಡಿ ಹೋಯಿತು, ಅದಕ್ಕೇ ಅಂಗಡಿ ಹೋಯಿತು ಎಂದು ನಮ್ಮಣ್ಣ ಈಗ ಹೇಳುತ್ತಾನೆ. ಸಿಡಿ ಹೋಗಲು ಇನ್ನೂ ಸಮಯವಿತ್ತು. ಕಾಕಾನ ಅಂಗಡಿ ಅದಕ್ಕಿಂತ ಮೊದಲೇ ಹೋಯಿತು. ಅಣ್ಣ ತಿಳಿಯದೆ ಮಾಡಿದ್ದು ತಪ್ಪು. ತಿಳಿದ ಮೇಲೆ ಮಾಡಿದ್ದು ಅನ್ಯಾಯ. ಮಠದಲ್ಲಿ ಹಾಗಾದ ಸಂಜೆಯೇ ನಾನು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. “ಆತಲ್ಲ, ಇನ್ನ ಬಾಯಿ ಮುಚ್ಚಿಕೊಂಡಿರು, ಮನಿ ಮರ್ಯಾದಿ” ಎಂದಿದ್ದ. ಮುಚ್ಚಿಕೊಂಡಿದ್ದೆ. ತರಗತಿಯಲ್ಲಿ ಮಕ್ಕಳಿಗೆ ನಿಜ ಹೇಳಿರೆಂದು ಬೆತ್ತ ತೋರಿಸುವವಳು ನಾನು.

ಅದಾದ ಮೇಲೂ ಎರಡು ಸಲ ಅವರನ್ನು ಕಂಡೆ. ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಸಂತೆಯಲ್ಲಿ. “ಆರಾಮ ಅದೀರೇನ್ರಿ ಅಕ್ಕಾರ?” ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಆ ಸೌಜನ್ಯದ ಮೇಲೂ ನನಗೆ ಸಿಟ್ಟಿದೆ.

ಹೋದ ವರ್ಷ ಅವರು ತೀರಿಕೊಂಡರು. ಸಕ್ಕರೆ ಕಾಯಿಲೆ ಕಾಲಿಗೆ ಬಂದಿತ್ತು. ನಾನು ಮನೆಯವರನ್ನು ಮಾತಾಡಿಸಲು ಹೋದೆ. ಅವರ ಹೆಂಡತಿ ನೀರು ಕೊಟ್ಟು ಎದುರು ಕೂತರು.

“ಕಾಕೂ, ಆ ಸಿಡಿ ಕಾಕಾ ಮಾಡಿದ್ದಲ್ರಿ. ನಮ್ಮಣ್ಣ ಮಾಡಿದ್ದು. ನಾ ನೋಡಿದ್ದೆ.”

“ಗೊತ್ತೈತೆವಾ. ಅವತ್ತ ಮನಿಗೆ ಬಂದು ಹೇಳಿದ್ರು. ಅಕ್ಕಾರು ಹೇಳ್ತಾರ, ಇವತ್ತ ಅಂಜ್ಯಾರ, ಒಂದೆಂಟ ದಿನ ಹೋಗಲಿ ಅಂದಿದ್ರು.”

ನನಗೆ ಅಳು ಬಂತು. ಆಕೆ ಅಳಲಿಲ್ಲ.

“ನನಗ್ಯಾಕ ಹೇಳ್ತಿ ಇದನ್ನ? ನಮ್ಮ ಮನ್ಯಾಗ ಅವರನ್ನ ಯಾರೂ ಬೈದಿಲ್ಲ. ಬೈದಲ್ಲಿ ಹೋಗಿ ಹೇಳು.”

ಅಪ್ಪನ ಈ ಸಲದ ಪುಣ್ಯಸ್ಮರಣೆಯಲ್ಲಿ, ಅದೇ ಮಠದಲ್ಲಿ, ನಾನು ಮೈಕಿನ ಮುಂದೆ ನಿಂತೆ. ಅಣ್ಣ ಮುಂದಿನ ಸಾಲಿನಲ್ಲಿದ್ದ. ಆ ಸಿಡಿ ಯಾರು ಮಾಡಿದ್ದು, ಹೇಗೆ ಕೆಟ್ಟಿತು, ಶಿಕ್ಕಾ ಅದರ ಮೇಲೆ ಹೇಗೆ ಬಂತು, ನಾನು ಎಲ್ಲಿ ಕೂತು ಸುಮ್ಮನಿದ್ದೆ, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದೆ.

“ಸತ್ತಾರ ಅವರು. ಈಗ್ಯಾಕ ತಗದಿ ಅದನ್ನ?” ಎಂದು ಅಣ್ಣ ಚೀರಿದ.

ತಾಳ ಹಿಡಿದವರು, ಅವತ್ತು ಅದನ್ನು ನೆಲಕ್ಕಿಟ್ಟವರೇ, ನನ್ನ ಕಡೆ ತಿರುಗಿದರು.

“ಅಕ್ಕಾರ, ನಾವೂ ನಕ್ಕಿದ್ವಿ ಅವತ್ತ. ಅವರು ಎದ್ದು ಹೋಗೂದನ್ನ ಇಡೀ ಊರ ನೋಡಿತ್ತು. ಆವಾಗ ಹೇಳಿದ್ರ ನಾವು ಶಿಗ್ಗಾಂವಕ್ಕ ಹೋಗಿ ಅವರ ಕಾಲು ಹಿಡೀತಿದ್ವಿ. ಈಗ ಯಾರದು ಹಿಡಿಯೂಣ್ರಿ?”

ಮೈಕು ಕೆಳಗಿಟ್ಟು ಅವ್ವನ ಪಕ್ಕದಲ್ಲಿ ಕೂತೆ. ಅವ್ವ ಸ್ವಲ್ಪ ಆಚೆ ಸರಿದಳು. ನನಗೆ ಜಾಗ ಬಿಡಲೆಂದೋ, ನನ್ನಿಂದ ದೂರ ಇರಲೆಂದೋ, ಇದೊಂದನ್ನು ನಾನು ಖಚಿತವಾಗಿ ಹೇಳಲಾರೆ.